ಪಪ್ಪಾಯಿಯದ್ದಲ್ಲ ತಪ್ಪು

ಮಾನ್ಯ ಸಂಪಾದಕರೇ,

ನನ್ನ ತಂಗಿಗೆ ಮೂರು ಸಲ ಗರ್ಭ ಹೋಯಿತು. ಮೊದಲ ಸಲ ಪಪ್ಪಾಯಿ ತಿಂದಳು ಅಂದರು, ಎರಡನೇ ಸಲ ಸ್ಕೂಟರ್ ಓಡಿಸಿದಳು ಅಂದರು, ಮೂರನೇ ಸಲ ನಾಗದೋಷ ಅಂತ ಪೂಜೆಯನ್ನೂ ಮಾಡಿಸಿದರು. ಒಂದು ರಕ್ತ ಪರೀಕ್ಷೆ ಮಾಡಿಸಿ ಅಂದವರು ಯಾರೂ ಇಲ್ಲ. ಆಮೇಲೆ ಗಂಟುನೋವು ಅಂತ ಬೇರೊಬ್ಬ ಡಾಕ್ಟರ್ ಹತ್ತಿರ ಹೋದಾಗ ಅವರೇ ಹಳೇ ಫೈಲೆಲ್ಲ ತಿರುವಿ ನೋಡಿ ಪರೀಕ್ಷೆ ಬರೆದುಕೊಟ್ಟರು. ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್ ಅಂತ ಗೊತ್ತಾಯಿತು.

ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ ಇದು. ಲೂಪಸ್ ಅನ್ನುವ ಇಂಥದ್ದೇ ಇನ್ನೊಂದು ಕಾಯಿಲೆ ಇರುವವರಲ್ಲಿ ಜಾಸ್ತಿ, ಇಲ್ಲದವರಿಗೂ ಬರುತ್ತದೆ. ಲಂಡನ್ನಿನ ಡಾಕ್ಟರ್ ಗ್ರಹಾಂ ಹ್ಯೂಸ್ 1983ರಲ್ಲೇ ಇದರ ಬಗ್ಗೆ ಬರೆದಿದ್ದರು. ಮಾಸಿನಲ್ಲಿ, ಅಂದರೆ ಹೊಟ್ಟೆಯಲ್ಲಿರುವ ಮಗುವಿಗೆ ಆಹಾರ ಒದಗಿಸುವ ಪ್ಲಾಸೆಂಟಾದಲ್ಲಿ, ರಕ್ತ ಹೆಪ್ಪುಗಟ್ಟಿ ಮಗು ಉಳಿಯುವುದಿಲ್ಲ ಅಂತಲೇ ಬಹಳ ಕಾಲ ಅಂದುಕೊಂಡಿದ್ದರು. ಆದರೆ ನ್ಯೂಯಾರ್ಕಿನಲ್ಲಿ ಜೇನ್ ಸಾಲ್ಮನ್ ಅವರ ತಂಡ ಗರ್ಭಿಣಿ ಇಲಿಗಳಿಗೆ ಈ ರೋಗಿಗಳ ಆಂಟಿಬಾಡಿ, ಅಂದರೆ ದೇಹದ ಮೇಲೇ ತಿರುಗಿಬೀಳುವ ರಕ್ತದ ಪ್ರೋಟೀನು, ಚುಚ್ಚಿ ನೋಡಿತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಔಷಧಿ ಕೊಟ್ಟ ಇಲಿಗಳ ಮರಿಗಳು ಉಳಿದವು, ಅದೇ ಕೆಲಸ ಮಾಡುವ ಬೇರೆ ಔಷಧಿ ಕೊಟ್ಟರೆ ಉಳಿಯಲಿಲ್ಲ. ಅಂದರೆ ಬರೀ ಹೆಪ್ಪಿನ ವಿಷಯ ಅಲ್ಲ ಅಲ್ವಾ? ಕಾಂಪ್ಲಿಮೆಂಟ್ ಅನ್ನುವ ರಕ್ತದ ಪ್ರೋಟೀನುಗಳು ಕೆರಳಿ ಮಾಸಿಗೆ ಹಾನಿ ಮಾಡುತ್ತಿದ್ದವು, ಹೆಪಾರಿನ್ ಅದನ್ನೇ ತಡೆಯುತ್ತಿತ್ತು. ಇದು 2004ರಲ್ಲೇ ಪ್ರಕಟವಾಗಿದೆ. ನನ್ನ ತಂಗಿ ಪಪ್ಪಾಯಿಯ ಮಾತು ಕೇಳಿಸಿಕೊಂಡದ್ದು ಅದಾಗಿ ಎಷ್ಟೋ ವರ್ಷದ ಮೇಲೆ.

ನಾಲ್ಕನೇ ಸಲ ಡಾಕ್ಟರ್ ಹೇಳಿದಂತೆ ದಿನಾ ಒಂದು ಸಣ್ಣ ಆಸ್ಪಿರಿನ್ ಮಾತ್ರೆ, ಹೆಪಾರಿನ್ ಇಂಜೆಕ್ಷನ್. ಒಂದು ದಿನ ಹೊಟ್ಟೆಯ ಎಡಕ್ಕೆ, ಒಂದು ದಿನ ಬಲಕ್ಕೆ, ತಾನೇ ಚುಚ್ಚಿಕೊಳ್ಳುತ್ತಿದ್ದಳು. ಹೊಟ್ಟೆಯ ಮೇಲೆಲ್ಲ ನೇರಳೆ ಕಲೆ. ಹೆಣ್ಣು ಮಗು ಹುಟ್ಟಿತು, ಈಗ ಎಲ್‌ಕೆಜಿ. ಎಲ್ಲರಿಗೂ ಹೀಗೇ ಆಗುತ್ತದೆ ಅನ್ನುತ್ತಿಲ್ಲ, ಈ ಔಷಧಿ ಕೊಟ್ಟರೂ ಕೆಲವರಿಗೆ ಮಗು ನಿಲ್ಲುವುದಿಲ್ಲ. ಅದಕ್ಕೇ ಸಂಶೋಧನೆ ಇನ್ನೂ ನಡೆಯಬೇಕು.

ನಿಮ್ಮ ಆರೋಗ್ಯ ಪುಟದಲ್ಲಿ ಇದನ್ನು ದಯವಿಟ್ಟು ಬರೆಸಿ. ಮತ್ತೆ ಮತ್ತೆ ಗರ್ಭಪಾತವಾದವರು ಡಾಕ್ಟರನ್ನು ಕೇಳಬೇಕಾದ ಪರೀಕ್ಷೆ ಮೂರು: ಲೂಪಸ್ ಆಂಟಿಕೋಆಗ್ಯುಲೆಂಟ್, ಆಂಟಿ ಕಾರ್ಡಿಯೊಲಿಪಿನ್, ಆಂಟಿ ಬೀಟಾ-2 ಗ್ಲೈಕೊಪ್ರೋಟೀನ್. ಪಾಸಿಟಿವ್ ಬಂದರೆ 12 ವಾರ ಬಿಟ್ಟು ಇನ್ನೊಮ್ಮೆ ಮಾಡಿಸಬೇಕು. ಇಷ್ಟು ಹೆಸರು ಅಚ್ಚಾದರೂ ಸಾಕು, ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಳ್ಳುವವರು ಇದ್ದಾರೆ.

- ಒಬ್ಬ ಅಕ್ಕ, ಮೈಸೂರು