ಅಪ್ಪನ ಬಿಪಿ ಮಾತ್ರೆ: ಗ್ಲಾಸ್ಗೋದಿಂದ ಒಂದು ಕಾಗದ

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ಉಡುಪಿಯಲ್ಲಿ ಸೆಕೆ ತಡೆಯಲಾಗುತ್ತಿಲ್ಲ ಅಂತ ತಮ್ಮ ಹೇಳಿದ. ಇಲ್ಲಿ ಇನ್ನೂ ಸ್ವೆಟರ್ ಬಿಚ್ಚುವ ಹಾಗಿಲ್ಲ.

ನಿಮ್ಮ ಬಿಪಿ ಮಾತ್ರೆ ಅಟೆನೊಲಾಲನ್ನು ಇಂಗ್ಲೆಂಡಿನಲ್ಲಿ ಬಿಟ್ಟುಬಿಟ್ಟಿದ್ದಾರೆ ಅಂತ ನೀವು ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಓದಿದೆ. ‘ಇಂಗ್ಲೆಂಡಿನವರೇ ಬಿಟ್ಟ ಮಾತ್ರೆ ನನಗ್ಯಾಕೆ’ ಅಂತ ಕೇಳಿದ್ದೀರಿ. ಫೋನಿನಲ್ಲಿ ಹೇಳಹೊರಟರೆ ‘ಆಯ್ತು ಆಯ್ತು’ ಅಂತ ಅಮ್ಮನ ಕೈಗೆ ಕೊಟ್ಟುಬಿಡ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಅದರಲ್ಲಿರುವುದು ಸುಳ್ಳಲ್ಲ, ಆದರೆ ಅರ್ಧ ಮಾತ್ರ ಇದೆ. 2006ರಲ್ಲಿ ಇಂಗ್ಲೆಂಡಿನ ಮಾರ್ಗಸೂಚಿ ಬದಲಾಯಿತು. ಬಿಪಿ ಬಿಟ್ಟು ಬೇರೇನೂ ತೊಂದರೆ ಇಲ್ಲದವರಿಗೆ ಬೀಟಾ ಬ್ಲಾಕರ್‌ನಿಂದ, ಅಂದರೆ ಹೃದಯದ ಓಟ ನಿಧಾನ ಮಾಡುವ ಅಟೆನೊಲಾಲ್‌ನಂಥ ಮಾತ್ರೆಯಿಂದ, ಶುರು ಮಾಡುವುದು ಬೇಡ ಅಂದರು. ಸ್ಟ್ರೋಕ್ ತಡೆಯುವುದರಲ್ಲಿ ಅಟೆನೊಲಾಲ್ ಸ್ವಲ್ಪ ಹಿಂದೆ. ಮೈಯ ನೀರು ಹೊರಗೆ ಹಾಕುವ ಮೂತ್ರದ ಮಾತ್ರೆಯೂ ಜೊತೆಗಿದ್ದರೆ ಶುಗರ್ ಬರುವ ಭಯ ಇನ್ನಷ್ಟು ಜಾಸ್ತಿ. ಹೃದಯದ ತೊಂದರೆ ಇರುವವರ ಮಾತೇ ಬೇರೆ. ನಮ್ಮ ವಾರ್ಡಿನಲ್ಲಿ ಬೀಟಾ ಬ್ಲಾಕರ್ ಕೊಡದ ದಿನವೇ ಇಲ್ಲ.

ನಿಮ್ಮದು ಬರೀ ಬಿಪಿಯಾ ಅಪ್ಪ? ಮಣಿಪಾಲದ ಏರಿನಲ್ಲಿ ಎದೆ ಹಿಡಿದು ನಿಂತು, ಸಾವಕಾಶ ಉಸಿರು ಬಿಟ್ಟು, ‘ಗ್ಯಾಸ್ಟ್ರಿಕ್’ ಅಂದವರು ಯಾರು? ಅದು ಗ್ಯಾಸ್ಟ್ರಿಕ್ ಅಲ್ಲ ಅಂತ ಟೆಸ್ಟ್ ಮಾಡಿಸಿದ ಮೇಲೆ ತಾನೇ ಡಾಕ್ಟರು ಈ ಮಾತ್ರೆ ಬರೆದದ್ದು.

ಇನ್ನೊಂದು ವಿಷಯ ಹೇಳಿದರೆ ನಿಮಗೆ ಖುಷಿಯಾದೀತು. ಬೀಟಾ ಬ್ಲಾಕರ್ ಕಂಡುಹಿಡಿದ ಜೇಮ್ಸ್ ಬ್ಲ್ಯಾಕ್ 1950ರ ದಶಕದಲ್ಲಿ ಇದೇ ಗ್ಲಾಸ್ಗೋದ ಪಶುವೈದ್ಯ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದರು. ಅವರು ಹುಡುಕುತ್ತಿದ್ದದ್ದು ಬಿಪಿಗೆ ಅಲ್ಲ, ಎದೆನೋವಿಗೆ ಮದ್ದು. ಅಡ್ರಿನಲಿನ್ ಅನ್ನುವ ಹಾರ್ಮೋನು ಹೃದಯವನ್ನು ಓಡಿಸುತ್ತದೆ. ಅದನ್ನು ತಡೆದರೆ ಹೃದಯಕ್ಕೆ ಬೇಕಾಗುವ ಆಮ್ಲಜನಕವೂ ಕಡಿಮೆಯಾಗುತ್ತದೆ ಅನ್ನುವುದು ಅವರ ಲೆಕ್ಕ. ಬಿಪಿಯೂ ಇಳಿಯುತ್ತದೆ ಅಂತ ಗೊತ್ತಾದದ್ದು ಆಮೇಲೆ. 1988ರಲ್ಲಿ ನೊಬೆಲ್ ಬಂತು.

ಆದ್ದರಿಂದ ‘ಬಿಪಿ ನಾರ್ಮಲ್ ಬಂತು, ಇನ್ನು ಬಿಡ್ತೇನೆ’ ಅನ್ನಬೇಡಿ. ಮಾತ್ರೆ ಇರುವುದಕ್ಕೇ ಅದು ನಾರ್ಮಲ್. ಅದೂ ಅಟೆನೊಲಾಲನ್ನು ಒಮ್ಮೆಲೇ ನಿಲ್ಲಿಸಲೇಬಾರದು. ಅಷ್ಟು ದಿನ ಹಿಡಿದಿಟ್ಟ ಹೃದಯ ಒಮ್ಮೆಗೇ ಓಡತೊಡಗುತ್ತದೆ, ಎದೆನೋವು ಜೋರಾಗುತ್ತದೆ, ಹಾರ್ಟ್ ಅಟ್ಯಾಕ್ ಕೂಡ ಆಗಬಹುದು. ಬದಲಿಸಬೇಕಿದ್ದರೆ ಡಾಕ್ಟರು ನಿಧಾನ ಇಳಿಸುತ್ತಾರೆ. ಸ್ಟ್ರಿಪ್ ಮುಗಿಯುವ ಮೊದಲೇ ಮೆಡಿಕಲ್‌ಗೆ ಹೋಗಿ, ಭಾನುವಾರ ಬಾಗಿಲು ಹಾಕಿತ್ತು ಅನ್ನುವ ಕಥೆ ಬೇಡ. ಹಾಂ, ಚಿಕ್ಕಪ್ಪ ಕೇಳಿದರೆ ನಿಮ್ಮ ಸ್ಟ್ರಿಪ್ ಕೊಡಬೇಡಿ. ಅವರಿಗೆ ಅಸ್ತಮಾ ಇದೆ, ಇದು ಉಸಿರು ಕಟ್ಟಿಸಬಹುದು.

ಕನ್ನಡಕ ಹಾಕಿ ಸ್ಟ್ರಿಪ್‌ನ ಬೆನ್ನು ನೋಡಿ. ಅಟೆನೊಲಾಲ್ 50, ಕೆಳಗೆ ಕ್ಲೋರ್ತಾಲಿಡೋನ್ 12.5 ಅಂತ ಇದೆ ಅಲ್ವಾ? ಆ ಎರಡನೆಯದೇ ಮೂತ್ರದ ಮಾತ್ರೆ. ಹಳೇದು, ಅಗ್ಗದ್ದು, ಆದರೆ ಗಟ್ಟಿ. 2002ರಲ್ಲಿ ಬಂದ ಆಲ್‌ಹ್ಯಾಟ್ ಅನ್ನುವ ದೊಡ್ಡ ಅಧ್ಯಯನದಲ್ಲಿ ಹೊಸ ದುಬಾರಿ ಮಾತ್ರೆಗಳ ಎದುರು ಇದು ಸೋಲಲಿಲ್ಲ. ಡಾಕ್ಟರು ಬೆಳಿಗ್ಗೆ ಅಂತಲೇ ಬರೆದಿದ್ದಾರೆ. ನೀವು ರಾತ್ರಿ ಊಟದ ಮೇಲೆ ತಗೊಂಡು, ಮಧ್ಯರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ತಡವರಿಸುತ್ತೀರಿ ಅಂತ ಅಮ್ಮ ಹೇಳಿದಳು.

ನನಗೆ ಚಿಂತೆ ಈ ಮೂತ್ರದ ಮಾತ್ರೆಯದ್ದೇ. ನೀರಿನ ಜೊತೆ ಸೋಡಿಯಂ, ಪೊಟ್ಯಾಸಿಯಂ ಕೂಡ ಹೋಗುತ್ತದೆ. ಈ ಸೆಕೆಯಲ್ಲಿ ಬೆವರೂ ಸೇರಿದರೆ ಕಾಲಿಗೆ ಕ್ರ್ಯಾಂಪ್, ತಲೆ ಸುತ್ತು, ಪ್ರಾಯವಾದವರಿಗೆ ಮಾತು ಅಡ್ಡಾದಿಡ್ಡಿ ಆಗುವುದೂ ಉಂಟು. ವಾಂತಿ ಭೇದಿಯಾದರೆ ಆ ದಿನವೇ ಡಾಕ್ಟರಿಗೆ ಫೋನ್ ಮಾಡಿ. ಬೊಂಡ ಕುಡಿಯಿರಿ, ಅಡ್ಡಿಲ್ಲ, ಆದರೆ ಬೊಂಡ ಕುಡಿದೆ ಅಂತ ರಕ್ತ ಪರೀಕ್ಷೆ ತಪ್ಪಿಸಬೇಡಿ. ಈ ಮಾತ್ರೆ ಯೂರಿಕ್ ಆಸಿಡ್ ಏರಿಸುತ್ತದೆ, ಅದನ್ನೂ ನೋಡಲಿ, ಕಾಲಿನ ಹೆಬ್ಬೆರಳು ಬಾತದ್ದು ಸುಮ್ನೆ ಇರಲಿಕ್ಕಿಲ್ಲ. ಗಂಟುನೋವಿಗೆ ಅಂತ ಡೈಕ್ಲೋಫಿನಾಕ್ ನುಂಗುವುದು ಮಾತ್ರ ಇವತ್ತಿಗೇ ಸಾಕು. ಅದು ಬಿಪಿ ಏರಿಸುತ್ತದೆ, ಮೂತ್ರದ ಮಾತ್ರೆಯ ಜೊತೆ ಕಿಡ್ನಿಗೂ ಕಷ್ಟ.

ಅಮ್ಮನಿಗೆ: ಗಂಜಿಗೆ ಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನಿನ ಚಟ್ನಿ ಮೂರೂ ಒಟ್ಟಿಗೆ ಬಡಿಸಬೇಡ. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಟೀ ಚಮಚವೂ ತುಂಬುವುದಿಲ್ಲ. ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ ಪಲ್ಯ ಮಾಡುವುದಾದರೆ ಚೆನ್ನಾಗಿ ನೆನೆಸಿ, ನೀರು ಬದಲಿಸಿ, ಹಿಂಡಿ ಮಾಡು. ಭರಣಿಯಲ್ಲಿ ಉಳಿದದ್ದನ್ನು ತಮ್ಮ ಬರುವಾಗ ನನಗೇ ಕಳಿಸಿಬಿಡು, ನನ್ನ ಬಿಪಿ ಸರಿ ಇದೆ.

ರಕ್ತದ ರಿಪೋರ್ಟ್ ಬಂದ ಕೂಡಲೇ ಫೋಟೋ ಕಳಿಸಿ.

ನಿಮ್ಮ ಮಗಳು