ನಿನ್ನ ಮಾಜಿ ಬೀಗ ಬರೆಯುವುದೇನೆಂದರೆ

ಪ್ರೀತಿಯ ಬೀಗರೇ,

ಹೀಗೆ ಕರೆಯುವುದು ಇದೇ ಕೊನೆ. ಗಾಬರಿಯಾಗಬೇಡ, ನಮ್ಮಿಬ್ಬರ ಛತ್ರಿ ಜಗಳಕ್ಕೆ ಮುನಿಸಿಕೊಂಡಿಲ್ಲ. ಫೋನಿನಲ್ಲಿ ಹೇಳಿದರೆ ನೀನು ನಗುತ್ತೀಯ, ನಾನೂ ನಕ್ಕುಬಿಡುತ್ತೇನೆ, ಮಾತು ಅಲ್ಲಿಗೇ ಮುಗಿಯುತ್ತದೆ. ಅದಕ್ಕೇ ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ.

ಹೋದ ಭಾನುವಾರ ನೀವೆಲ್ಲ ಬಂದಿದ್ದಾಗ ನಿನ್ನ ಮಗಳಿಗೆ ಎಂದಿನಂತೆ 'ಸೊಸೆಯೇ, ಒಂದು ಲೋಟ ನೀರು ತಾರಮ್ಮ' ಎಂದೆನಲ್ಲ? ಅಡುಗೆಮನೆಯ ಬಾಗಿಲಿಗೆ ಒರಗಿ ಕೂತಿದ್ದವನು ನನ್ನ ಮಗ, ಅವನು ಅಲುಗಲಿಲ್ಲ. ಅವಳು ಬಿಡಿಸುತ್ತಿದ್ದ ಚಿತ್ರ ಬಿಟ್ಟು ಎದ್ದಳು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, ಪುಟ್ಟ ಪುಟ್ಟ ಹೆಜ್ಜೆ ಇಟ್ಟು ಬಂದು, ಕಣ್ಣೆತ್ತದೆ ನೀಡಿದಳು. ಎಲ್ಲರೂ ಚಪ್ಪಾಳೆ ತಟ್ಟಿದೆವು, ನಾನಂತೂ ಎಲ್ಲರಿಗಿಂತ ಜೋರಾಗಿ. ಹನ್ನೊಂದು ವರ್ಷದ ಹುಡುಗಿಗೆ ಆ ಪಾತ್ರ ಎಷ್ಟು ಚೆನ್ನಾಗಿ ಕರಗತವಾಗಿತ್ತು! ತಾಲೀಮು ಕೊಟ್ಟವರು ಯಾರು ಎಂಬ ಪ್ರಶ್ನೆ ಹುಟ್ಟಿದ್ದು ರಾತ್ರಿ, ದೀಪ ಆರಿಸಿದ ಮೇಲೆ. ಅವಳು ತೊಟ್ಟಿಲಿನಲ್ಲಿದ್ದಾಗಿನಿಂದ 'ನಮ್ಮ ಮನೆಗೆ ಬರುವವಳು' ಎನ್ನುತ್ತ ಬಂದವನು ನಾನು. ತಾಳ ಹಾಕಿದವನು ನೀನು.

ಮಾನ ಹೋಗುವ ಸಂಗತಿಯೆಂದರೆ, ಬಾಲ್ಯವಿವಾಹದ ಬಗ್ಗೆ ಉದ್ದುದ್ದ ಬರೆದು ಭೇಷ್ ಎನ್ನಿಸಿಕೊಂಡವನೂ ನಾನೇ. 20ರಿಂದ 24ರ ವಯಸ್ಸಿನ ಹೆಂಗಸರಲ್ಲಿ 18 ತುಂಬುವ ಮುನ್ನವೇ ಮದುವೆಯಾದವರು 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ. 47ರಷ್ಟಿದ್ದರು, 2019-21ರ ಹೊತ್ತಿಗೆ ಶೇ. 23ಕ್ಕೆ ಇಳಿದರು ಎಂದು ಬೀಗಿದ್ದೆ (ಶ್ಲೇಷೆಯನ್ನು ಮನ್ನಿಸು). ಉಳಿದದ್ದನ್ನು ಓದುಬರಹವಿಲ್ಲದ ಯಾರದೋ ತಲೆಗೆ ಕಟ್ಟಿ ಕೈತೊಳೆದುಕೊಂಡೆ. ಹುಡುಗಿಯ ಮದುವೆಗೆ 1929ರ ಕಾಯ್ದೆಯಲ್ಲಿ 14 ಇದ್ದ ಕನಿಷ್ಠ ವಯಸ್ಸು 1978ರಲ್ಲಿ 18 ಮುಟ್ಟಿತು. 2006ರ ಕಾಯ್ದೆಯಲ್ಲಿ ಇಂಥ ಮದುವೆ ನಡೆಸಿಕೊಟ್ಟ ಪುರೋಹಿತನಿಗೂ 2 ವರ್ಷದವರೆಗೆ ಜೈಲು. ತೊಟ್ಟಿಲ ಪಕ್ಕ ನಿಂತು 'ಬೀಗರೇ' ಎಂದವನಿಗೆ ಯಾವ ಸೆಕ್ಷನ್ನೂ ಇಲ್ಲ.

ಇಲ್ಲಿಗೆ ನಿಲ್ಲಿಸುವವನಿದ್ದೆ. ಆದರೆ ಅವಳನ್ನು ದೂರದ ವಸತಿ ಶಾಲೆಗೆ ಸೇರಿಸುತ್ತೇನೆಂದು ನೀನು ಹೇಳಿದ ದಿನ ನಾನು ಏನೆಂದೆ, ನೆನಪಿದೆಯೇ? 'ಹೆಣ್ಣುಮಗು, ಕಾಲ ಕೆಟ್ಟಿದೆ, ಅಷ್ಟು ದೂರ ಯಾಕೆ?' ನೀನು ಸುಮ್ಮನಾದೆ. ಅರ್ಧ ತುಂಬಿದ ಅರ್ಜಿ ಮೇಜಿನ ಮೇಲೆಯೇ ಉಳಿಯಿತು. ನಿಜ ಹೇಳುತ್ತೇನೆ, ಕಾಲದ ಚಿಂತೆ ನನಗೇನೂ ಇರಲಿಲ್ಲ. ಮನಸ್ಸಿನಲ್ಲಿ ಮೊದಲು ಸುಳಿದದ್ದು 'ಕೈತಪ್ಪಿ ಹೋಗುತ್ತಾಳೆ' ಎಂಬ ಮಾತು. ತಮಾಷೆಯೊಳಗೆ ಇಷ್ಟು ದಿನ ಅದು ಬೆಚ್ಚಗೆ ಮಲಗಿತ್ತು. ಮಗಳ ಮದುವೆಯನ್ನು ಹದಿನೈದಕ್ಕೇ ಮುಗಿಸಿದ ತಂದೆ 'ಬಾಲ್ಯವಿವಾಹ ಮಾಡಿದೆ' ಎನ್ನುತ್ತಾನೆಯೇ? 'ಒಳ್ಳೆಯ ಸಂಬಂಧ ತಾನಾಗಿ ಬಂತು, ಜವಾಬ್ದಾರಿ ಕಳೆಯಿತು' ಎನ್ನುತ್ತಾನೆ. ಸುತ್ತಲಿನವರು ತಲೆದೂಗುತ್ತಾರೆ. ಅವನಿಗೂ ನನಗೂ ನಾಲ್ಕೇ ವರ್ಷದ ಅಂತರ.

ಸಾಕು, ಹೆಚ್ಚು ಬರೆದೆ. ನಾಳೆ ಬೆಳಿಗ್ಗೆ ಅಳಿಸಿದರೂ ಅಳಿಸಿಯೇನು. ಸಂಬಂಧ ಮುರಿದ ಸುದ್ದಿಯನ್ನು ಮಗನಿಗೆ ಗಂಭೀರವಾಗಿ ತಿಳಿಸಿದೆ. 'ಯಾವ ಸಂಬಂಧ?' ಎಂದು ಕೇಳಿ, ಉತ್ತರಕ್ಕೂ ಕಾಯದೆ ಚೆಂಡು ಹುಡುಕಲು ಓಡಿದ. ನೀರು ಮಾತ್ರ ಈಗ ಅವನೇ ತರುತ್ತಾನೆ. ಅರ್ಧ ನನಗೆ, ಅರ್ಧ ನೆಲಕ್ಕೆ.

ಅರ್ಜಿಯ ಕೊನೆಯ ದಿನ ಇನ್ನೂ ಮುಗಿದಿಲ್ಲ, ವಿಚಾರಿಸಿದ್ದೇನೆ. ಛತ್ರಿಯ ವಿಷಯದಲ್ಲಿ ಮಾತ್ರ ರಾಜಿ ಇಲ್ಲ.

ಇಂತಿ,
ಇನ್ನು ಮುಂದೆ ಬರೀ ಗೆಳೆಯ