ಮರುಭೂಮಿಯ ಮಳೆಗೆ ಶೇಕಡಾ ಲೆಕ್ಕ ಸಾಲದು

ಮಾನ್ಯ ಸಂಪಾದಕರೇ,

ಪಶ್ಚಿಮ ರಾಜಸ್ಥಾನದಲ್ಲಿ ವಾಡಿಕೆಗಿಂತ ಹೆಚ್ಚು ಮಳೆಯಾಗಿರುವ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಹೆಚ್ಚಳ ಶೇಕಡಾ ಎಷ್ಟು ಎಂಬುದು ಅದರಲ್ಲಿತ್ತೇ ಹೊರತು, ಬಿದ್ದದ್ದು ಎಷ್ಟು ಮಿಲಿಮೀಟರ್, ಎಷ್ಟು ದಿನಗಳಲ್ಲಿ ಎಂಬುದು ಇರಲಿಲ್ಲ.

ಅಲ್ಲಿನ ಜೈಸಲ್ಮೇರಿಗೆ ಇಡೀ ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿ.ಮೀ. ಮಾತ್ರ. ನಮ್ಮ ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 2005ರ ಜುಲೈ 26ರಂದು 24 ಗಂಟೆಗಳಲ್ಲಿ ಸುರಿದದ್ದು 944 ಮಿ.ಮೀ. ಹೀಗಿರುವಾಗ ಜೈಸಲ್ಮೇರಿನಲ್ಲಿ ಮಳೆ ದುಪ್ಪಟ್ಟಾದರೂ ಅದು ಪುಣೆಯ ವಾರ್ಷಿಕ ಮಳೆಯನ್ನು ಮುಟ್ಟುವುದಿಲ್ಲ. ಆದರೆ ಆ ಹೆಚ್ಚುವರಿ ಮಳೆ ಎರಡು ತಿಂಗಳಲ್ಲಿ ಹದವಾಗಿ ಬಿದ್ದರೆ ಸಜ್ಜೆ ಬೆಳೆಯುತ್ತದೆ, ಎರಡೇ ದಿನಗಳಲ್ಲಿ ಸುರಿದರೆ ಊರು ಮುಳುಗುತ್ತದೆ. ಶೇಕಡಾ ಲೆಕ್ಕಕ್ಕೆ ಇವೆರಡೂ ಒಂದೇ.

2006ರ ಆಗಸ್ಟ್‌ನಲ್ಲಿ ಬಾಡಮೇರ್ ಜಿಲ್ಲೆಯಲ್ಲಿ ಆದದ್ದು ಇದೇ. ಇಡೀ ವರ್ಷದ ಮಳೆಗಿಂತ ಹೆಚ್ಚು ನೀರು ಕೆಲವೇ ದಿನಗಳಲ್ಲಿ ಬಂದು ಕವಾಸ್ ಎಂಬ ಹಳ್ಳಿ ಜಲಾವೃತವಾಯಿತು, ಜಿಲ್ಲೆಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಮರಳು ನೀರನ್ನು ಹೀರಿಬಿಡುತ್ತದೆ ಎಂಬ ನಮ್ಮ ಎಣಿಕೆ ಅಲ್ಲಿ ಸುಳ್ಳಾಯಿತು, ಏಕೆಂದರೆ ಮರಳಿನಡಿ ಇದ್ದ ಜಿಪ್ಸಂ ಪದರ ನೀರನ್ನು ಇಂಗಗೊಡದೆ ತಿಂಗಳುಗಟ್ಟಲೆ ಕೆರೆಯಂತೆ ಹಿಡಿದಿಟ್ಟಿತು.

ಡೊಂಬಿವಲಿಯ ನಮ್ಮ ಕಟ್ಟಡದ ಕೆಳಗೆ ಕಿರಾಣಿ ಅಂಗಡಿ ಇಟ್ಟಿರುವವರು ಬಾಡಮೇರಿನವರು. ಕೆಲವು ವರ್ಷಗಳ ಹಿಂದೆ ಅವರ ಊರಿನ ಮನೆಯ ಮದುವೆಗೆ ಹೋದಾಗ ಅಂಗಳದ ಟಾಂಕಾ ನೋಡಿದೆ. ನೆಲದೊಳಗೆ ದುಂಡಗೆ ಕಟ್ಟಿದ ತೊಟ್ಟಿ, ಅದರತ್ತ ಇಳಿಜಾರಾಗಿ ಗುಡಿಸಿಟ್ಟ ಗಟ್ಟಿ ನೆಲ, ಮೇಲೆ ಬೀಗ ಹಾಕಿದ ಮುಚ್ಚಳ. ಬೀಗ ತಿಜೋರಿಗಲ್ಲ, ನೀರಿಗೆ! ಉಂಡ ತಟ್ಟೆಗಳನ್ನು ಹೆಂಗಸರು ಒಣ ಮರಳಿನಲ್ಲೇ ತಿಕ್ಕಿ ಒರೆಸಿಡುತ್ತಿದ್ದರು. ನಿಮ್ಮ ಸುದ್ದಿಯನ್ನು ಆ ಅಂಗಡಿಯವರಿಗೆ ಹಿಂದಿಯಲ್ಲಿ ಹೇಳಿದಾಗ ಸಂತೋಷಪಡುವ ಬದಲು, "ಎಷ್ಟು ದಿನ ಬಿತ್ತು, ಬಿತ್ತನೆಗೆ ಮೊದಲೋ ಆಮೇಲೋ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಅರಾವಳಿ ಬೆಟ್ಟಗಳು ಮೋಡಗಳನ್ನು ತಡೆಯುವುದರಿಂದ ಅಲ್ಲಿ ಮಳೆ ಕಡಿಮೆ ಎಂದೂ ಸುದ್ದಿಯಲ್ಲಿತ್ತು; ಅದು ಸರಿಯಲ್ಲ. ನಮ್ಮ ಸಹ್ಯಾದ್ರಿಯ ಹಾಗೆ ಅಡ್ಡ ನಿಂತಿದ್ದರೆ ಅರಾವಳಿಯ ಪಶ್ಚಿಮ ಮಗ್ಗುಲಲ್ಲಿ ಮಳೆ ಹೆಚ್ಚಬೇಕಿತ್ತು. ಅವು ಅರಬ್ಬಿ ಸಮುದ್ರದ ಮಾರುತಕ್ಕೆ ಬಹುಮಟ್ಟಿಗೆ ಸಮಾನಾಂತರವಾಗಿ ನೈಋತ್ಯದಿಂದ ಈಶಾನ್ಯಕ್ಕೆ ಚಾಚಿರುವುದರಿಂದ ಗಾಳಿ ಮೇಲೇರದೆ ಪಕ್ಕದಲ್ಲೇ ಸಾಗಿಹೋಗುತ್ತದೆ. ಮೇಲಿನಿಂದ ಇಳಿಯುವ ಒಣಗಾಳಿ ಮೋಡ ಎತ್ತರಕ್ಕೆ ಬೆಳೆಯಲು ಬಿಡುವುದಿಲ್ಲ. ಮುಂಬಯಿಗೆ ಜೂನ್ 11ರ ಸುಮಾರಿಗೆ ಬರುವ ಮುಂಗಾರು ಆ ಮೂಲೆಯನ್ನು ತಲುಪುವುದು ಜುಲೈ 8ರ ಹೊತ್ತಿಗೆ, ಮರಳಿ ಹೊರಡುವುದು ಸೆಪ್ಟೆಂಬರ್ 17ರ ಸುಮಾರಿಗೆ ಅಲ್ಲಿಂದಲೇ.

ಆದ್ದರಿಂದ ಇಂತಹ ವರದಿಗಳಲ್ಲಿ ಶೇಕಡಾವಾರಿನ ಪಕ್ಕದಲ್ಲಿ ವಾಡಿಕೆ ಮಳೆ, ಬಿದ್ದ ಮಳೆ ಮತ್ತು ಮಳೆ ಬಂದ ದಿನಗಳ ಸಂಖ್ಯೆ, ಈ ಮೂರನ್ನೂ ಕೊಡಬೇಕೆಂದು ವಿನಂತಿ. ಅದಕ್ಕೆ ಬೇಕಾಗುವುದು ಒಂದೇ ಸಾಲಿನ ಜಾಗ.

– ಓರ್ವ ಓದುಗ, ಡೊಂಬಿವಲಿ